ದಕ್ಷಿಣಕ್ಕೆ ತೆರೆಯುವ ಬಾಗಿಲು

ಕಾಲೇಜಿನಲ್ಲಿದ್ದಾಗ ಯಾವ ವಿಷಯ ಕೊಟ್ಟರೂ, ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ನಿಂತ ಜಾಗದಲ್ಲೇ ಮಾತಾಡುತ್ತಿದ್ದೆ. ರಾಜಾಜಿನಗರದ ನಮ್ಮ ಮನೆಯ ಶೋಕೇಸಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳು ಎಷ್ಟು ತುಂಬಿದ್ದವೆಂದರೆ, ಪ್ರತಿ ದಸರೆಗೂ ಅಮ್ಮ ಗೊಂಬೆ ಕೂರಿಸಲು ಜಾಗವಿಲ್ಲವೆಂದು ಗೊಣಗುತ್ತಾ ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕುತ್ತಿದ್ದಳು. ದೇವರು, ಜಾತಕ, ರಾಹುಕಾಲ ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿರುವ ಜಾತಿಯವಳೂ ಆಗಿರಲಿಲ್ಲ. ನಂಬುವವರನ್ನು ಹುಡುಕಿಕೊಂಡು ಹೋಗಿ ಜಗಳ ತೆಗೆಯುತ್ತಿದ್ದೆ.

ಇಂಥವಳಿಗೆ ಡಿಗ್ರಿ ಮುಗಿದ ಮೇಲೆ ಸಿಕ್ಕಿದ ಮೊದಲ ಕೆಲಸ ವೃದ್ಧಾಶ್ರಮಗಳ ತಪಾಸಣೆ. ವೃದ್ಧಾಶ್ರಮಗಳಿಗೆ ಸಹಾಯಧನ ಕೊಡುವ ಒಂದು ಟ್ರಸ್ಟು, ಕೊಡುವ ಮೊದಲು ಅಲ್ಲಿ ಅಡುಗೆಮನೆ, ಔಷಧಿ, ಬಚ್ಚಲು, ಸುರಕ್ಷತೆ ಎಲ್ಲ ನೆಟ್ಟಗಿದೆಯೇ ಎಂದು ನೋಡಿ ಬರಲು ಇಬ್ಬರನ್ನು ಕಳಿಸುತ್ತಿತ್ತು. ಒಬ್ಬರು ನಮ್ಮ ಸಾರ್. ದೊಡ್ಡ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು ನಿವೃತ್ತರಾದವರು; ಹೋಟೆಲಿಗೆ ಹೋದರೂ ಮೊದಲು ಹೊರಗೆ ಹೋಗುವ ದಾರಿ ಎಲ್ಲಿದೆ ನೋಡಿಕೊಂಡು ಆಮೇಲೆ ದೋಸೆ ಹೇಳುವವರು. ಇನ್ನೊಬ್ಬಳು ನಾನು. ಅವರು ನೋಡಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಆದರೆ ಬರೆದುಕೊಳ್ಳುವ ಮೊದಲು ನಾನು ವಾದ ಮಾಡುತ್ತಿದ್ದೆ.

ಈಗ ಹೇಳಹೊರಟಿರುವುದು ಗೋವಿಂದರಾಜನಗರದ ಒಳರಸ್ತೆಯೊಂದರಲ್ಲಿದ್ದ ಆಶ್ರಮದ ಕಥೆ. ಆಗಿನ್ನೂ ಅತ್ತಿಗುಪ್ಪೆಯ ಕಡೆ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ಬಾಡಿಗೆ ಮನೆಗಳ ಸಾಲಿನ ನಡುವೆ ಒಂದು ದೊಡ್ಡ ಮನೆಯನ್ನೇ ಆಶ್ರಮ ಮಾಡಿದ್ದರು. ಕೆಳಗೆ ಊಟದ ಮನೆ ಮತ್ತು ಮಂಚಗಳನ್ನು ಸಾಲಾಗಿ ಹಾಕಿದ್ದ ಹಾಲ್. ಮೇಲಿನ ಮಹಡಿಯಲ್ಲಿ ಉದ್ದನೆಯ ಪಡಸಾಲೆ, ಅದರ ಅಕ್ಕಪಕ್ಕ ಚಿಕ್ಕಚಿಕ್ಕ ರೂಮುಗಳು. ಮೆಟ್ಟಿಲು ಹತ್ತಿ ಇಳಿಯುವ ಶಕ್ತಿ ಇದ್ದವರು ಮೇಲೆ, ಇಲ್ಲದವರು ಕೆಳಗೆ.

ಮ್ಯಾನೇಜರು ನಡುವಯಸ್ಸಿನ ಮನುಷ್ಯ. ತಪಾಸಣೆ ಎಂದ ಕೂಡಲೇ ಬೆವರುವವರು. ಗೇಟಿನಲ್ಲೇ ನಮಗೆ ಗುಲಾಬಿ ಹೂ ಕೊಟ್ಟು, ಬಾದಾಮಿ ಹಾಲು ಕುಡಿಸಿ, ನೇರವಾಗಿ ಬಚ್ಚಲಿಗೆ ಕರೆದುಕೊಂಡು ಹೋದರು. ವಯಸ್ಸಾದವರು ಹಿಡಿದುಕೊಂಡು ಏಳಲೆಂದು ಗೋಡೆಗೆ ಸ್ಟೀಲಿನ ಹಿಡಿಕೆಗಳನ್ನು ಹಾಕಿಸಿದ್ದರು. ಸಾರ್ ಒಂದನ್ನು ಹಿಡಿದು ಎಳೆದರು. ಕೈ ಸರ್‍ರನೆ ಜಾರಿತು. ಹಿಡಿಕೆಯ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರು ಹಾಗೇ ಇತ್ತು.

"ಇದನ್ನ ಯಾಕ್ರೀ ತೆಗ್ದಿಲ್ಲ?"

"ಹೊಸದು ಸಾರ್," ಎಂದರು ಮ್ಯಾನೇಜರು. "ತೆಗೆದ್ರೆ ಎಲ್ರೂ ಹಿಡ್ಕೊಂಡು ಹಿಡ್ಕೊಂಡು ಗಲೀಜು ಮಾಡ್ಬಿಡ್ತಾರೆ."

ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಒಣಗಿದ ಸೇವಂತಿಗೆ ಹಾರವನ್ನು ಅದರ ಪಿನ್ನಿಗೆ ಸುತ್ತಿ ಸುತ್ತಿ ಗಂಟು ಹಾಕಿದ್ದರು. ಬೆಂಕಿ ಬಿದ್ದರೆ ಮೊದಲು ಯಾರಾದರೂ ಕೂತು ಆ ಗಂಟು ಬಿಡಿಸಬೇಕು. ನಾನು ಈ ಬಗ್ಗೆ ನಾಲ್ಕು ಮಾತು ಶುರು ಮಾಡುವಷ್ಟರಲ್ಲಿ ಸಾರ್ ಮೇಲಕ್ಕೆ ಹೊರಟಿದ್ದರು.

ಮೇಲಿನ ಮಹಡಿಯದೇ ಮುಖ್ಯ ಪ್ರಶ್ನೆ. ವಯಸ್ಸಾದವರು ಇರುವ ಯಾವ ಮಹಡಿಗೇ ಆಗಲಿ, ಕೆಳಗಿಳಿಯಲು ಎರಡು ದಾರಿ ಇರಬೇಕು ಎಂಬುದು ಟ್ರಸ್ಟಿನ ನಿಯಮ. ಇಲ್ಲದಿದ್ದರೆ ಆ ಮಹಡಿ ಮುಚ್ಚಬೇಕು, ಅಲ್ಲಿದ್ದವರೆಲ್ಲ ಕೆಳಗಿನ ಹಾಲಿಗೆ ಬರಬೇಕು. ಮ್ಯಾನೇಜರು ಪಡಸಾಲೆಯ ಕೊನೆಗೆ ಹೋಗಿ, ಹೊಸದಾಗಿ ಗೋಡೆ ಒಡೆದು ಇಡಿಸಿದ್ದ ಬಾಗಿಲನ್ನು ನಾಟಕದ ಪರದೆ ಸರಿಸುವ ಹಾಗೆ ತೆರೆದರು. ಹೊರಗೆ ಕಬ್ಬಿಣದ ಮೆಟ್ಟಿಲು.

ಸಾರ್ ಬಗ್ಗಿ ನೋಡಿದರು. "ಇದು ಮೆಟ್ಟಿಲಲ್ಲ ಕಣ್ರೀ, ಏಣಿ."

"ಹಿಂದುಗಡೆ ಇರೋದೇ ಅಷ್ಟು ಜಾಗ ಸಾರ್. ಆಚೆ ಪಕ್ಕದ್ಮನೆಯವ್ರ ಕಾಂಪೌಂಡು."

ಸಾರ್ ಕಂಬಿ ಅಲ್ಲಾಡಿಸಿ, ವೆಲ್ಡಿಂಗು ಬಡಿದು, ತಾವೇ ಎರಡು ಸಲ ಹತ್ತಿಳಿದು ಬಂದರು. ಕಡಿದಾಗಿದೆ, ಆದರೆ ಗಟ್ಟಿಯಾಗಿದೆ. ಮೇಲಿನವರು ಇದರಲ್ಲಿ ಇಳಿಯುವುದನ್ನು ಕಣ್ಣಾರೆ ನೋಡಿದರೆ ಒಪ್ಪುತ್ತೇನೆ ಎಂದರು. ಗಂಟೆ ಹೊಡೆಯುವುದು, ಮೇಲಿನವರೆಲ್ಲ ಹಿಂದಿನ ಬಾಗಿಲಿನಿಂದ ಇಳಿದು ಬರುವುದು, ಅಷ್ಟೇ ಪರೀಕ್ಷೆ.

ನಾನೂ ಸಾರೂ ಹಿತ್ತಲಿನಲ್ಲಿ ಏಣಿಯ ಬುಡಕ್ಕೆ ನಿಂತೆವು. ಗಂಟೆ ಹೊಡೆಯಿತು. ಮೇಲೆ ಬಾಗಿಲುಗಳು ತೆರೆದ ಸದ್ದು, ಕೆಮ್ಮು, ಮಾತು, ಚಪ್ಪಲಿ ಎಲ್ಲಿ ಎಂಬ ಕೂಗು. ಆಮೇಲೆ ಎಲ್ಲ ಸದ್ದೂ ನಮ್ಮಿಂದ ದೂರ ದೂರ ಹೋಗತೊಡಗಿತು. ಏಣಿಯ ಮೇಲೆ ಒಂದು ಪಾರಿವಾಳ ಬಂದು ಕೂತಿತು. ಇನ್ನಾರೂ ಬರಲಿಲ್ಲ.

ಸುತ್ತು ಹಾಕಿ ಮುಂದುಗಡೆ ಹೋಗಿ ನೋಡಿದರೆ, ಮೇಲಿನವರೆಲ್ಲ ಮಾಮೂಲಿ ಮೆಟ್ಟಿಲಿನಿಂದ ಇಳಿದು, ಮುಂಬಾಗಿಲಿನ ಹತ್ತಿರ ತಂತಮ್ಮ ಚಪ್ಪಲಿ ಹುಡುಕುತ್ತಾ ನಿಂತಿದ್ದರು.

"ಹಿಂದಿನ ಬಾಗಿಲಿಂದ ಬರ್ಬೇಕಿತ್ತಲ್ವಾ?" ಎಂದೆ.

ಗುಂಪಿನ ಪರವಾಗಿ ಒಬ್ಬರು ಮುಂದೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಮನೆಯೊಳಗೂ ಕೋಟು ಹಾಕಿಕೊಂಡಿರುತ್ತಿದ್ದರು. "ಆ ಬಾಗಿಲು ಯಾವ ದಿಕ್ಕಿಗಿದೆ ನೋಡಿದ್ಯೇನಮ್ಮ?"

"ಹಿಂದಕ್ಕೆ."

"ದಕ್ಷಿಣಕ್ಕೆ," ಎಂದರು ಅವರು, ಅರ್ಜಿ ವಜಾ ಮಾಡುವ ದನಿಯಲ್ಲಿ. "ದಕ್ಷಿಣ ಯಾರ ದಿಕ್ಕು? ಯಮಂದು. ಈ ವಯಸ್ನಲ್ಲಿ ನಾವು ಸಾಲಾಗಿ ದಕ್ಷಿಣಕ್ಕೆ ಮುಖ ಮಾಡ್ಕೊಂಡು ಆಚೆ ಹೋಗೋದು ಅಂದ್ರೇನು?"

"ಬೆಂಕಿ ಬಿದ್ರೂ ಹೋಗಲ್ವಾ ಸಾರ್?"

"ಬಿದ್ರೆ ಹೋಗ್ತೀವಮ್ಮ, ನಮಗೇನು ತಲೆ ಕೆಟ್ಟಿದ್ಯಾ? ಬೀಳದೆ ಯಾಕೆ ಹೋಗ್ಬೇಕು? ಯಮನಿಗೆ ನಾವೇ ಕರೆದು ರಿಹರ್ಸಲ್ ತೋರ್ಸಿದ ಹಾಗಾಗತ್ತೆ."

ಎಲ್ಲರೂ ತಲೆಯಾಡಿಸಿದರು. ಸಾರ್ ಕನ್ನಡಕ ಒರೆಸಿಕೊಂಡು, ಎರಡು ವಾರ ಬಿಟ್ಟು ಮತ್ತೆ ಬರುತ್ತೇವೆ, ಆಗಲೂ ಆ ಬಾಗಿಲಿನಿಂದ ಇಳಿಯದಿದ್ದರೆ ಮೇಲಿನ ಮಹಡಿ ಮುಚ್ಚಬೇಕೆಂದು ಬರೆಯುತ್ತೇನೆ ಎಂದರು. ನಾನು ನನ್ನ ಬ್ಯಾಗು ತರಲು ಮೇಲೆ ಹೋದೆ. ಪಡಸಾಲೆಯ ಆ ತುದಿಯಲ್ಲಿ, ಅಂದರೆ ರಸ್ತೆಯ ಕಡೆಯ ಕೊನೆಯ ರೂಮಿನಿಂದ ಒಂದು ಕೈ ಚಾಚಿ ನನ್ನನ್ನು ಒಳಕ್ಕೆ ಎಳೆದುಕೊಂಡಿತು.

ಅದು ನನಗಿಂತ ಮೊದಲೇ ಮೇಲೆ ಬಂದಿದ್ದ ಟೀಚರಮ್ಮನ ಕೈ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಸಣ್ಣಗೆ, ಎತ್ತರವಾಗಿ, ಸೀಮೆಸುಣ್ಣದ ಹಾಗೇ ಇದ್ದರು.

"ನಿಮ್ಮ ಸಾರು ತಮಾಷೆಗೆ ಹೇಳಿದ್ರಾ, ನಿಜ್ವಾಗ್ಲೂ ಮುಚ್ಚಿಸ್ತಾರಾ?"

"ನಿಜ್ವಾಗ್ಲೂ ಮೇಡಂ."

ಅವರು ಮಂಚದ ಮೇಲೆ ಕೂತರು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಒಂದು ರೇಡಿಯೊ. ಮೂರನೆಯವರು ಬಂದರೆ ಯಾರಾದರೂ ಒಬ್ಬರು ಹೊರಗೆ ನಿಲ್ಲಬೇಕಾದಷ್ಟು ಪುಟ್ಟ ರೂಮು.

"ನೋಡೇ," ಎಂದರು. "ಚಿಕ್ಕವಳಾಗಿದ್ದಾಗ ಅಕ್ಕಂದಿರ ಮಧ್ಯ ಮಲಗ್ತಿದ್ದೆ. ಮದುವೆ ಆದ್ಮೇಲೆ ಅತ್ತೆ ಮನೆ ನಡುಮನೆ. ಮಗನ ಮನೇಲಿ ಮೊಮ್ಮಕ್ಕಳ ರೂಮಲ್ಲಿ. ಒಳ್ಳೇ ಮಕ್ಕಳೇ, ಆದ್ರೆ ನಾನು ಓದ್ಬೇಕು ಅಂದಾಗ ಅವಕ್ಕೆ ಲೈಟ್ ಆರಿಸ್ಬೇಕು, ನಾನು ಮಲಗ್ಬೇಕು ಅಂದಾಗ ಲೈಟ್ ಹಾಕ್ಬೇಕು. ನನ್ನ ಯಾರೂ ಇಲ್ಲಿ ತಂದು ಬಿಟ್ಟಿಲ್ಲ ತಿಳ್ಕೋ. ಪೆನ್ಷನ್ ಬರತ್ತೆ, ನಾನೇ ಆಟೋ ಹಿಡ್ಕೊಂಡು ಬಂದೆ. ಮಗ ಇವತ್ತಿಗೂ ಮುನಿಸ್ಕೊಂಡಿದಾನೆ. ಇದು ನನ್ನ ಜೀವನದಲ್ಲಿ ಮೊದಲನೇ ರೂಮು. ಕೆಳಗಡೆ ಹಾಲ್ ನೋಡಿದ್ಯಾ?"

ನೋಡಿದ್ದೆ. ಒಂದು ಗೋಡೆಗೆ ಟೀವಿ, ಟೀವಿಯಲ್ಲಿ ಸದಾ ಅತ್ತೆ ಸೊಸೆಯರ ಜಗಳ, ಜಗಳದ ಮೇಲೆ ಮಂಚದಿಂದ ಮಂಚಕ್ಕೆ ಚರ್ಚೆ.

"ಯೋಚ್ನೆ ಮಾಡ್ಬೇಡಿ ಮೇಡಂ. ನಾನು ಅವರ ಹತ್ರ ಮಾತಾಡ್ತೀನಿ. ತರ್ಕಬದ್ಧವಾಗಿ ಹೇಳಿದ್ರೆ ಒಪ್ತಾರೆ."

ಸೂತ್ರ ತಪ್ಪು ಬರೆದು ಉತ್ತರ ಸರಿ ಬರುತ್ತದೆಂದು ಕಾಯುವ ವಿದ್ಯಾರ್ಥಿನಿಯನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.

ಮುಂದಿನ ವಾರ ನನ್ನ ರಜೆಯ ದಿನವೇ ಆಶ್ರಮಕ್ಕೆ ಹೋದೆ. ಅಷ್ಟರಲ್ಲಿ ಮ್ಯಾನೇಜರು ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ದಕ್ಷಿಣದ ಭಯ ಹೋಗಲೆಂದು ತುರ್ತು ಬಾಗಿಲಿಗೆ ಆಂಜನೇಯನ ದೊಡ್ಡ ಪಟ ಅಂಟಿಸಿದ್ದರು. ಭಯವೇನೋ ಹೋಗಿತ್ತು. ಎಲ್ಲರೂ ಬೆಳಗ್ಗೆ ಸಂಜೆ ಅಲ್ಲಿ ನಿಂತು ಕೈಮುಗಿಯುತ್ತಿದ್ದರು. ಬಾಗಿಲಿನ ಮುಂದೆ ರಂಗೋಲಿ, ಊದುಬತ್ತಿ, ಎರಡು ಎಣ್ಣೆ ದೀಪ. ಆಶ್ರಮಕ್ಕೆಲ್ಲ ಬೆಂಕಿ ಬೀಳಬಹುದಾದ ಜಾಗ ಯಾವುದಾದರೂ ಇದ್ದರೆ ಅದು ಈಗ ಬೆಂಕಿಯಿಂದ ಪಾರಾಗುವ ಬಾಗಿಲೇ ಆಗಿತ್ತು. ಬಾಗಿಲನ್ನು ತೆರೆಯುವಂತೆಯೂ ಇರಲಿಲ್ಲ. ತೆರೆಯಬೇಕಾದರೆ ದೇವರ ಎದೆಗೆ ಕೈಯಿಟ್ಟು ತಳ್ಳಬೇಕು.

"ಏನ್ ಸಾರ್ ಇದು?" ಎಂದು ಮ್ಯಾನೇಜರನ್ನು ಕೇಳಿದೆ.

"ಈಗ ಆ ಕಡೆ ಎಲ್ರೂ ಬರ್ತಿದಾರಲ್ಲಮ್ಮ! ಮುಂಚೆ ಬರ್ತಾನೇ ಇರ್ಲಿಲ್ಲ," ಎಂದರು ಸಂತೋಷದಿಂದ.

ಊಟದ ಮನೆಯಲ್ಲಿ ಎಲ್ಲರನ್ನೂ ಸೇರಿಸಿ, ಶಿರಸ್ತೇದಾರರಿಗೆ ಬಹಿರಂಗ ಸವಾಲು ಹಾಕಿದೆ. ವಿಷಯ: ದಿಕ್ಕುಗಳಿಗೂ ಸಾವಿಗೂ ಸಂಬಂಧವಿದೆ. ಅವರು ಪರ, ನಾನು ವಿರೋಧ. ಕೆಳಗಿನ ಹಾಲಿನವರು ಟೀವಿ ಆರಿಸಿ ಬಂದು ಕೂತರು, ಅದೇ ನನ್ನ ಮೊದಲ ಗೆಲುವು ಎಂದುಕೊಂಡೆ. ಎದ್ದು ನಿಂತು, ಭೂಮಿ ದುಂಡಗಿದೆ ಎಂಬಲ್ಲಿಂದ ಶುರು ಮಾಡಿದೆ. ದಕ್ಷಿಣಕ್ಕೆ ನೇರವಾಗಿ ಹೋಗುತ್ತಲೇ ಇದ್ದರೆ ಕೊನೆಗೆ ಉತ್ತರದಿಂದ ಬಂದು ಇದೇ ಮನೆಯ ಮುಂಬಾಗಿಲು ತಟ್ಟಬೇಕಾಗುತ್ತದೆ ಎಂದೆ. ಮೈಸೂರು ಇಲ್ಲಿಂದ ಯಾವ ಕಡೆಗಿದೆ, ದಸರಾ ನೋಡಲು ಹೋದವರೆಲ್ಲ ವಾಪಸ್ಸು ಬಂದಿಲ್ಲವೇ ಎಂದೆ. ಭರ್ಜರಿ ಚಪ್ಪಾಳೆ ಬಿತ್ತು.

ಶಿರಸ್ತೇದಾರರು ಏಳಲೂ ಇಲ್ಲ. "ಹುಡುಗಿ ಚೆನ್ನಾಗಿ ಮಾತಾಡ್ತಾಳೆ," ಎಂದರು. "ನಾನು ಇಷ್ಟೇ ಕೇಳೋದು. ನಮ್ಮಲ್ಲಿ ಈ ಬಾಗಿಲಿಂದ ಮೊದಲು ಯಾರು ಹೋಗ್ತೀರಿ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಅವರಿಗೂ ಭರ್ಜರಿ ಚಪ್ಪಾಳೆ ಬಿತ್ತು. ನನಗೆ ಚಪ್ಪಾಳೆ ತಟ್ಟಿದವರೇ ತಟ್ಟಿದ್ದು. ನನಗೆ ಮೈಯುರಿಯಿತು. ಎಂಥೆಂಥ ಕಾಲೇಜುಗಳ ತಂಡಗಳನ್ನು ಮಣಿಸಿದವಳು, ಕೋಟು ತೊಟ್ಟ ಒಬ್ಬ ಮುದುಕರ ಒಂದೇ ಪ್ರಶ್ನೆಗೆ ನೆಲಕಚ್ಚಿದ್ದೆ.

ಆಗ ಹಿಂದಿನ ಬೆಂಚಿನಿಂದ ಟೀಚರಮ್ಮ ಕೇಳಿದರು: "ಶಿರಸ್ತೇದಾರ್ರೇ, ದಕ್ಷಿಣಕ್ಕೆ ಏನು ಮಾಡ್ಬಾರ್ದು ಅಂದ್ರಿ?"

"ಮುಖ ಮಾಡಿ ಹೊರಡಬಾರ್ದು."

"ಮುಖ ಉತ್ತರಕ್ಕಿದ್ರೆ ಸಾಕಾ?"

"ಧಾರಾಳವಾಗಿ ಸಾಕು."

"ಕಾಲು ಯಾವ ಕಡೆಗೆ ಹೋದ್ರೂ?"

ಶಿರಸ್ತೇದಾರರು ಯೋಚನೆಗೆ ಬಿದ್ದರು. ಕಣ್ಣು ಮುಚ್ಚಿದರು. ಕಡತ ತಿರುವುವವರ ಹಾಗೆ ಬೆರಳುಗಳು ಆಡಿದವು. ಕೊನೆಗೆ, "ಮುಖದ ಬಗ್ಗೆ ಮಾತ್ರ ಹೇಳಿರೋದು," ಎಂದರು ನಿಧಾನವಾಗಿ. "ಕಾಲಿನ ಬಗ್ಗೆ ಏನೂ ಇಲ್ಲ."

"ಸರಿ ಹಾಗಾದ್ರೆ. ಎಲ್ರೂ ಹಿಂದ್ಹಿಂದಕ್ಕೆ ನಡ್ಕೊಂಡು ಹೋಗಿ."

ಊಟದ ಮನೆಯಲ್ಲೇ ಇಬ್ಬರು ಮೂವರು ಎದ್ದು ಹಿಂದಕ್ಕೆ ನಡೆದು ನೋಡಿದರು. ಒಬ್ಬರು ಸಾಂಬಾರಿನ ಪಾತ್ರೆಗೆ ತಾಗಿ ನಿಂತು, "ಆಗತ್ತೆ, ಆಗತ್ತೆ," ಎಂದರು.

ನಾನು ಟೀಚರಮ್ಮನ ಹಿಂದೆಯೇ ಮೇಲೆ ಹೋಗಿ ಜಗಳ ತೆಗೆದೆ. "ಮೇಡಂ, ಇದು ಸೋತ ಹಾಗೆ. ಅವರ ಮೂಢನಂಬಿಕೆ ಸರಿ ಅಂತ ನೀವೇ ಒಪ್ಕೊಂಡ ಹಾಗಾಯ್ತು. ಗಣಿತ ಹೇಳ್ಕೊಟ್ಟವರು ನೀವು!"

"ನಿನಗೆ ವಾದ ಗೆಲ್ಬೇಕು ಕಣೇ," ಎಂದರು ಕುರ್ಚಿಯಲ್ಲಿ ಕೂರುತ್ತಾ. "ನನಗೆ ರೂಮು ಬೇಕು."

ನನ್ನ ಮುಖ ನೋಡಿ ಅವರಿಗೂ ಪಾಪ ಎನಿಸಿತೋ ಏನೋ. "ನಾನೇನೂ ಹಿಂದಕ್ಕೆ ನಡೆಯಲ್ಲ ಬಿಡು," ಎಂದರು. "ನಾನು ಮುಂದಕ್ಕೇ ಇಳೀತೀನಿ. ದಕ್ಷಿಣಕ್ಕೇ ಮುಖ ಮಾಡಿ. ಯಮ ಬಂದ್ರೆ ಅವನಿಗೂ ಒಂದು ಲೆಕ್ಕ ಕೊಟ್ಟು ಕೂರಿಸ್ತೀನಿ." ನಾನು ಹಿಗ್ಗಿಹೋದೆ. ಇಡೀ ಆಶ್ರಮದಲ್ಲಿ ಒಬ್ಬರಾದರೂ ನನ್ನ ಪಕ್ಷದಲ್ಲಿದ್ದರು.

ಪರೀಕ್ಷೆಯ ದಿನದವರೆಗೂ ಈ ಹಿಂದಕ್ಕೆ ನಡೆಯುವ ವಿಷಯವನ್ನು ನಾನು ಸಾರಿಗೆ ಹೇಳಿರಲಿಲ್ಲ. ಹೇಗೆ ಹೇಳುವುದೆಂದೇ ಗೊತ್ತಿರಲಿಲ್ಲ. ಶಿರಸ್ತೇದಾರರು ರಾಹುಕಾಲ ಕಳೆಯಲಿ ಎಂದರು, ಕಳೆಯಿತು. ಮ್ಯಾನೇಜರು ಆಂಜನೇಯನಿಗೆ ಕ್ಷಮೆ ಕೇಳಿ, ಪಟ ತೆಗೆದು ಊಟದ ಮನೆಗೆ ಸಾಗಿಸಿದರು. ನಾವಿಬ್ಬರೂ ಮತ್ತೆ ಹಿತ್ತಲಿನಲ್ಲಿ ನಿಂತೆವು. ಗಂಟೆ ಹೊಡೆಯಿತು.

ಬಾಗಿಲು ತೆರೆದು ಮೊದಲು ಕಾಣಿಸಿದ್ದು ಶಿರಸ್ತೇದಾರರ ಕೋಟಿನ ಬೆನ್ನು. ಬೆನ್ನಿನ ಹಿಂದೆ, ಅಂದರೆ ಅವರ ಮುಂದೆ, ಉಳಿದವರ ಬೆನ್ನುಗಳು. ಎಲ್ಲರೂ ಮನೆಯೊಳಕ್ಕೆ ಮುಖ ಮಾಡಿ, ದೇವರ ಗರ್ಭಗುಡಿಯಿಂದ ಬೆನ್ನು ತೋರಿಸದೆ ಹಿಂದೆ ಸರಿಯುವವರ ಹಾಗೆ, ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದರು. ಏಣಿಯ ಎರಡೂ ಕಂಬಿಗಳನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದರು. ನಡುನಡುವೆ, "ಉತ್ತರ, ಉತ್ತರ," ಎಂದು ಶಿರಸ್ತೇದಾರರು ಎಚ್ಚರಿಸುತ್ತಿದ್ದರು. ಪಕ್ಕದ ಮನೆಯ ಹೆಂಗಸು ಒಗೆದ ಬಟ್ಟೆ ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತಿದ್ದಳು.

ಸಾರ್ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ನೋಡಿದಾಗ ಅವರ ಕಣ್ಣಲ್ಲಿ ನೀರಿತ್ತು.

"ಯಾರಮ್ಮ ಇವರಿಗೆ ಹೇಳ್ಕೊಟ್ಟಿದ್ದು?" ಎಂದರು. "ಇಷ್ಟು ಕಡಿದಾದ ಏಣೀಲಿ ಹೀಗೇ ಇಳೀಬೇಕು. ಮುಖ ಏಣಿ ಕಡೆ, ಎರಡೂ ಕೈ ಕಂಬಿ ಮೇಲೆ. ಫ್ಯಾಕ್ಟ್ರೀಲಿ ಇದನ್ನ ಹೇಳಿ ಹೇಳಿ ನನ್ನ ಸರ್ವೀಸೆಲ್ಲ ಮುಗಿದು ಹೋಯ್ತು, ಒಬ್ಬ ಕೇಳ್ಲಿಲ್ಲ. ನೋಡು, ಎಂಥಾ ಶಿಸ್ತು!"

"ಸಾರ್, ಅವರು ಹೀಗೆ ಇಳೀತಿರೋದು ಯಾಕೆ ಗೊತ್ತಾ? ಯಮ..."

"ಯಾಕಾದ್ರೂ ಇಳೀಲಿ ಬಿಡಮ್ಮ."

ತಪ್ಪು ಕಾರಣ, ಸರಿಯಾದ ಕೆಲಸ. ಇದಕ್ಕೆ ಅಂಕ ಹೇಗೆ ಕೊಡುವುದು ಎಂದು ಯಾವ ತೀರ್ಪುಗಾರರೂ ನನಗೆ ಹೇಳಿಕೊಟ್ಟಿರಲಿಲ್ಲ.

ಎಲ್ಲರೂ ಇಳಿದಾದ ಮೇಲೆ ಬಾಗಿಲಿನಲ್ಲಿ ಟೀಚರಮ್ಮ ಕಾಣಿಸಿದರು. ಮುಖ ಮುಂದಕ್ಕೆ. ದಕ್ಷಿಣಕ್ಕೆ. ನನ್ನನ್ನು ನೋಡಿ ನಕ್ಕರು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ತರಗತಿಯೊಳಕ್ಕೆ ಬರುವವರ ಹಾಗೆ ನೆಟ್ಟಗೆ ಇಳಿಯತೊಡಗಿದರು. ಮೂರನೆಯ ಮೆಟ್ಟಿಲಿಗೆ ಹಿಮ್ಮಡಿ ಜಾರಿತು. ಮ್ಯಾನೇಜರು ದೇವರೇ ಎಂದರು. ಟೀಚರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಏನೂ ಆಗಿರಲಿಲ್ಲ, ಆದರೆ ಸಾರ್ ಅರ್ಧ ಏಣಿ ಹತ್ತಿ ಅವರನ್ನು ಹಿಡಿದು ಕೆಳಗಿಳಿಸಿದರು.

"ಎಲ್ರೂ ಪಾಸು," ಎಂದರು ಸಾರ್. "ಈ ಮೇಡಂ ಒಬ್ರು ಮಾತ್ರ ಆಗಲ್ಲ. ಇವರಿಗೆ ಈ ಏಣಿ ಇಳಿಯೋಕೆ ಬರಲ್ಲ. ಕೆಳಗಡೆ ಹಾಲಿಗೆ ಶಿಫ್ಟ್ ಮಾಡಿ."

"ಸಾರ್!" ಎಂದೆ. "ಇಡೀ ಮನೇಲಿ ಬುದ್ಧಿ ಉಪಯೋಗ್ಸಿರೋದು ಇವರೊಬ್ರೇ. ಇವರನ್ನೇ ಫೇಲ್ ಮಾಡ್ತೀರಾ? ಮೊದಲನೇದಾಗಿ..."

"ಬಿದ್ದಿದ್ದು ಇವರೊಬ್ರೇ ಅಲ್ವೇನಮ್ಮ?" ಎಂದರು ಸಾರ್.

ಟೀಚರಮ್ಮ ಸೀರೆಯ ಧೂಳು ಕೊಡವಿಕೊಂಡರು. ನನ್ನ ಕಡೆ ನೋಡಲಿಲ್ಲ. "ಇನ್ನೊಂದು ಸಲ ಇಳಿದು ತೋರಿಸ್ಬಹುದಾ ಸಾರ್?" ಎಂದು ಕೇಳಿದರು, ಮರುಪರೀಕ್ಷೆಗೆ ಅನುಮತಿ ಕೇಳುವವರ ಹಾಗೆ.

ಮುಂದಿನ ಮೆಟ್ಟಿಲಿನಿಂದ ಮೇಲೆ ಹೋದರು. ನಾವೆಲ್ಲ ಕತ್ತೆತ್ತಿ ಕಾದೆವು. ಬಾಗಿಲಿನಲ್ಲಿ ಅವರ ಬೆನ್ನು ಕಾಣಿಸಿತು. ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಎರಡೂ ಕೈ ಕಂಬಿಯ ಮೇಲೆ. ಒಂದೊಂದಾಗಿ, ಅವಸರವಿಲ್ಲದೆ, ಎಲ್ಲೂ ತಡವರಿಸದೆ ಇಳಿದು ಬಂದು ನೆಲ ಮುಟ್ಟಿದರು.

"ಪಾಸು," ಎಂದರು ಸಾರ್.

ಶಿರಸ್ತೇದಾರರು ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದರು. "ನೋಡಿದ್ಯೇನಮ್ಮ," ಎಂದರು ನನಗೆ. "ಕೊನೆಗೆ ಟೀಚರಮ್ಮನೂ ಉತ್ತರಕ್ಕೇ ಮುಖ ಮಾಡಿದ್ರು."

"ಉತ್ತರಕ್ಕೆ ಯಾರ್ರೀ ಮಾಡಿದ್ದು?" ಎಂದರು ಟೀಚರಮ್ಮ. "ನನ್ನ ರೂಮಿನ ಕಡೆ ಮಾಡಿದ್ದೆ."

ಆಮೇಲೆ ಊಟದ ಮನೆಯಲ್ಲಿ ಕೇಸರಿಬಾತು ಹಂಚಿದರು. ಟೀಚರಮ್ಮ ಬರಲಿಲ್ಲ. ಒಂದು ತಟ್ಟೆ ತೆಗೆದುಕೊಂಡು ನಾನೇ ಮೇಲೆ ಹೋದೆ. ಮುಂದಕ್ಕೆ ನಡೆಯಿರಿ ಎಂದು ಅವರನ್ನು ನಾನೇನೂ ಒತ್ತಾಯ ಮಾಡಿರಲಿಲ್ಲ ಎಂಬುದನ್ನು ಹೇಗಾದರೂ ಮಾಡಿ ಸ್ಪಷ್ಟಪಡಿಸಬೇಕಿತ್ತು. ಮೆಟ್ಟಿಲು ಹತ್ತುವಾಗಲೇ ಅಂಶಗಳನ್ನು ಜೋಡಿಸಿಕೊಂಡಿದ್ದೆ. ಕೊನೆಯ ರೂಮಿನ ಬಾಗಿಲು ಮುಚ್ಚಿತ್ತು. ತಟ್ಟಿದೆ.

"ಯಾರು?"

"ನಾನು ಮೇಡಂ. ಒಂದು ವಿಷಯ ಮಾತಾಡ್ಬೇಕಿತ್ತು."

"ಆಮೇಲೆ ಬಾರೇ. ಈಗ ಆಗಲ್ಲ."

ಒಳಗೆ ರೇಡಿಯೊದ ಸದ್ದು ಸ್ವಲ್ಪ ಜೋರಾಯಿತು. ನಾನು ತಟ್ಟೆ ಹಿಡಿದು ಅಲ್ಲೇ ಒಂದು ನಿಮಿಷ ನಿಂತಿದ್ದು, ಕೇಸರಿಬಾತನ್ನು ನಾನೇ ತಿನ್ನುತ್ತಾ ಕೆಳಗಿಳಿದೆ.